ಹನ್ನೊಂದು ತಿಂಗಳ ಸಂಸಾರ

ಬೆಂಗಳೂರಿನ ಬಾಡಿಗೆದಾರನಿಗೆ ವರ್ಷಕ್ಕೆ ಹನ್ನೊಂದೇ ತಿಂಗಳು. ಯುಗಾದಿ ಬರಲಿ ಬಿಡಲಿ, ಹನ್ನೊಂದನೆಯ ತಿಂಗಳು ಮುಗಿಯುತ್ತಲೇ ಅವನಿಗೆ ಹೊಸ ವರ್ಷ. ಬೇವೂ ಬೆಲ್ಲವೂ ಬಾಡಿಗೆ ಏರಿಕೆಯ ರೂಪದಲ್ಲೇ ಬರುತ್ತವೆ, ಬೆಲ್ಲ ಓನರಿಗೆ. ಇದಕ್ಕೆಲ್ಲ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರುವ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ ಅದು. ಸಬ್‌ರಿಜಿಸ್ಟ್ರಾರ್ ಕಚೇರಿಯ ಓಡಾಟ, ಖರ್ಚು ಯಾರಿಗೆ ಬೇಕು? ಒಂದು ತಿಂಗಳು ಕತ್ತರಿಸಿದರಾಯಿತು.

ಕರಾರು ಪತ್ರ ಹುಟ್ಟುವುದು ವಕೀಲರ ತಲೆಯಲ್ಲಲ್ಲ, ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ. ಹೆಸರು, ವಿಳಾಸ, ಮೊತ್ತ ಬದಲಿಸಿ ಛಾಪಾ ಕಾಗದಕ್ಕೆ ಇಳಿಸಿಕೊಡುತ್ತಾರೆ. ನಮ್ಮ ಪತ್ರದಲ್ಲಿ ಹಿಂದಿನ ಗಿರಾಕಿಯ ಹೆಸರು ಒಂದು ಕಡೆ ಹಾಗೇ ಉಳಿದುಬಿಟ್ಟಿತ್ತು. ಮುಖ ನೋಡದ ಯಾರೋ ಪುಣ್ಯಾತ್ಮ ನಮ್ಮ ಕರೆಂಟ್ ಬಿಲ್ಲಿಗೆ ಹೊಣೆಯಾಗಿದ್ದ.

ಅಡ್ವಾನ್ಸ್ ಮಾತ್ರ ನಾವೇ ಕೊಡಬೇಕಾಯಿತು, ಹತ್ತು ತಿಂಗಳದ್ದು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಎನ್ನುತ್ತದೆ. ಆದರೆ ಮಾದರಿ ಎಂದರೆ ಮಾದರಿಯೇ. ರಾಜ್ಯಗಳು ತಮ್ಮದಾಗಿಸಿಕೊಂಡರಷ್ಟೇ ಅದಕ್ಕೆ ಜೀವ.

ಇನ್ನು ಮೊಳೆ. ‘ಗೋಡೆಗೆ ಮೊಳೆ ಹೊಡೆಯಕೂಡದು’ ಎಂಬ ಷರತ್ತಿಗೆ ಸಹಿ ಹಾಕಿದ ಪ್ರತಿಯೊಬ್ಬನ ಮನೆಯಲ್ಲೂ ಕ್ಯಾಲೆಂಡರು, ಗಡಿಯಾರ, ವೆಂಕಟರಮಣನ ಪಟ ಗೋಡೆಯ ಮೇಲೆಯೇ ಇರುತ್ತವೆ. ಖಾಲಿ ಮಾಡುವ ಹಿಂದಿನ ರಾತ್ರಿ ತೂತುಗಳಿಗೆ ಟೂತ್‌ಪೇಸ್ಟ್ ಮೆತ್ತುವುದು ಬಾಡಿಗೆದಾರರ ಕುಲವಿದ್ಯೆ. ನಾವೂ ಮೆತ್ತಿದೆವು. ಬೆಳಿಗ್ಗೆ ಮಹಡಿಯಿಂದ ಇಳಿದು ಬಂದ ಓನರ್ ಆಂಟಿ ಹಾಲಿನ ನಡುವೆ ನಿಂತು ಮೂಗರಳಿಸಿದರು. ಬೆರಳಿನಿಂದ ಒಂದು ತೂತನ್ನು ಒತ್ತಿ, ವಾಸನೆ ನೋಡಿ, “ಪಾಪ, ಗೋಡೆಗೂ ಹಲ್ಲುಜ್ಜಿಸಿದ್ದೀರಲ್ರೀ!” ಎಂದರು.

1882ರ ಸ್ವತ್ತು ವರ್ಗಾವಣೆ ಕಾಯ್ದೆ ಈ ವಿಷಯದಲ್ಲಿ ಕರುಣಾಮಯಿ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸು, ಆದರೆ ಬಳಕೆಯಿಂದಾಗುವ ಸಹಜ ಸವೆತಕ್ಕೆ ವಿನಾಯಿತಿ ಉಂಟು ಎನ್ನುತ್ತದೆ ಅದರ 108ನೇ ಕಲಂ. ಕರಾರು ಬೇರೆ ಹೇಳಿದರೆ ಮಾತ್ರ ಕರಾರಿನದೇ ಮಾತು. ನಮ್ಮ ಕರಾರು ಬೇರೆಯೇ ಹೇಳಿತ್ತು. ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಮುರಿದುಕೊಂಡು ಆಂಟಿ ಉಳಿದದ್ದನ್ನು ಎಣಿಸಿ ಕೊಟ್ಟರು, ಜೊತೆಗೆ ಕುಂಕುಮ, ತಾಂಬೂಲ.

ಆದರೆ ಜೆರಾಕ್ಸ್ ಅಂಗಡಿಯವರಿಗೆ ಹೊಳೆಯದೆ ಹೋದದ್ದು ಕರಿಬೇವಿನ ಗಿಡ. ಸಂಪಿನ ಪಕ್ಕದ ಗೇಣಗಲ ಮಣ್ಣಿನಲ್ಲಿ ನನ್ನ ಹೆಂಡತಿ ನೆಟ್ಟದ್ದು. ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಕುಡಿದು ಕಾಂಪೌಂಡ್ ಮೀರಿ ಬೆಳೆದಿತ್ತು. ಹೊಸ ಮನೆ ಮೂರನೇ ಮಹಡಿ; ಅಲ್ಲಿ ಒಗ್ಗರಣೆ ಚಟಪಟ ಅಂದಾಗಲೆಲ್ಲ ಅವಳ ಕೈ ಬಾಗಿಲ ಕಡೆ ಹೋಗುತ್ತದೆ.

ಅದೇ 108ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಅವಧಿ ಗೊತ್ತಿಲ್ಲದ ಗುತ್ತಿಗೆ ಬಾಡಿಗೆದಾರನ ತಪ್ಪಿಲ್ಲದೆ ಮುಗಿದರೆ, ಅವನು ಬೆಳೆದ ಬೆಳೆ ಅವನದೇ. ಬಂದು ಕೊಯ್ದು ಒಯ್ಯಲು ಅಡ್ಡಿಯಿಲ್ಲ. ನಮ್ಮ ಕರಾರು ಎಂದೋ ಮುಗಿದು, ಆಮೇಲೆಲ್ಲ ಬಾಯಿಮಾತಿನಲ್ಲೇ ನಡೆದಿತ್ತು. ಮನೆ ಬಿಟ್ಟದ್ದು ಅಮೆರಿಕದಿಂದ ಬಂದ ಆಂಟಿಯ ಮಗನಿಗಾಗಿ. ಕರಿಬೇವು ಬೆಳೆಯೋ ಗಿಡವೋ ಎಂದು ನ್ಯಾಯಾಧೀಶರು ತಲೆ ಕೆಡಿಸಿಕೊಳ್ಳಲಿ. ನಾನು ಆಂಟಿಗೆ ಫೋನ್ ಮಾಡಿ ಕಲಂ ಸಮೇತ ನನ್ನ ಹಕ್ಕು ಮಂಡಿಸಿದೆ.

“ಅಯ್ಯೋ, ಬೇಗ ಬನ್ರೀ. ಮಗ ಅಲ್ಲಿ ಕಾರಿಗೆ ಶೆಡ್ ಹಾಕಿಸ್ತಾನಂತೆ. ಬೇಡ ಅಂದ್ರೆ ಯಾರು ಕೇಳ್ತಾರೆ? ಬರೋವಾಗ ಆ ನಿಮ್ಮ ಕಾಯ್ದೆ ಪುಸ್ತಕನೂ ತನ್ನಿ. ಓನರಿಗೆ ಏನಾದ್ರೂ ಹಕ್ಕು ಬರೆದಿದ್ದಾರಾ ನೋಡೋಣ.”