ಜೋಲಾರಪೇಟೆಯಾಚೆಯ ಬಂಡೆ

9 ಜನವರಿ 2025, ಗುರುವಾರ

ಮಾವಿನ ತೋಟದ ಬದುವಿನಲ್ಲಿ ಇಂದು ಸಿಕ್ಕ ಬಂಡೆಯ ಮೈ ಇಟ್ಟಿಗೆ ಬಣ್ಣದ್ದು. ಸುತ್ತಿಗೆಯಿಂದ ಒಂದು ಚಕ್ಕೆ ಎಬ್ಬಿಸಿದರೆ ಒಳಗೆ ಮಾಸಲು ಬಿಳುಪು, ಹರಳುಹರಳಾದ ಕಣ. ಆ್ಯಸಿಡ್ ಹನಿಸಿದೆ, ನೊರೆ ಬರಲಿಲ್ಲ. ಚಾಕುವಿನಲ್ಲಿ ಕೆರೆದು ಪುಡಿ ಮಾಡಿ ಮತ್ತೆ ಹನಿಸಿದಾಗ ಸಣ್ಣ ಗುಳ್ಳೆಗಳು ನಿಧಾನವಾಗಿ ಎದ್ದವು. ಡಾಲಮೈಟ್ ಇರಬೇಕು. ಅದರಲ್ಲಿ ಕಬ್ಬಿಣವೂ ಸೇರಿರುವುದರಿಂದ ಹೊರಮೈ ತುಕ್ಕು ಹಿಡಿದಿದೆ. ಜತೆಯಲ್ಲಿದ್ದ ಹುಡುಗರು ಸುಣ್ಣದ ಕಲ್ಲು ಎಂದರು. ನೋಡಲು ಹಾಗೇ ಇದೆ. ಆದರೆ ಇದು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣವಲ್ಲ, ಭೂಮಿಯ ಆಳದಲ್ಲಿ ಕರಗಿ ಮೇಲೇರಿ ಗಟ್ಟಿಯಾದ ಕಾರ್ಬೊನೇಟ್. ನಾರ್ವೆಯ ಫೆನ್ ಪ್ರದೇಶದ ಬಂಡೆಗಳನ್ನು ನೋಡಿ ಬ್ರೋಗರ್ 1921ರಲ್ಲಿ ಇಂಥ ಶಿಲೆಗೆ ಕಾರ್ಬೊನಟೈಟ್ ಎಂದು ಹೆಸರಿಟ್ಟಾಗ ಒಪ್ಪದವರು ಬಹಳ ಮಂದಿ ಇದ್ದರು. ಟಾಂಜಾನಿಯಾದ ಓಲ್ ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿ 1960ರಲ್ಲಿ ಕಾರ್ಬೊನೇಟ್ ಲಾವಾ ಹರಿಸಿದ್ದನ್ನು ಜನ ಕಣ್ಣಾರೆ ಕಂಡ ಮೇಲೆ ಆ ವಾದ ಮುಗಿಯಿತು.

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲಿನಲ್ಲಿ ಜೋಲಾರಪೇಟೆ ದಾಟದ ಕನ್ನಡಿಗರು ಕಡಿಮೆ. ಅಲ್ಲಿ ಕಿಟಕಿಯಾಚೆ ಕಾಣುವ ಏಲಗಿರಿ ಎಲ್ಲರಿಗೂ ತಂಪಾದ ಗಿರಿಧಾಮ. ನನಗೆ ಅದು ಸಯನೈಟ್ ಶಿಲೆಯ ಬೆಟ್ಟ. ಏಲಗಿರಿ, ಕೊರಟ್ಟಿ, ಸೇವತ್ತೂರು, ಸಾಮಲಪಟ್ಟಿ, ಇವೆಲ್ಲ ಒಂದೇ ಪಟ್ಟಿಯ ಮೇಲೆ ಸಾಲಾಗಿ ಕೂತಿವೆ. ಸೇವತ್ತೂರಿನ ಕಾರ್ಬೊನಟೈಟ್ ಸುಮಾರು 77 ಕೋಟಿ ವರ್ಷ ಹಳೆಯದು, ಅದರಲ್ಲಿ ನಿಯೋಬಿಯಂ ಹಿಡಿದಿಟ್ಟುಕೊಂಡ ಪೈರೊಕ್ಲೋರ್ ಖನಿಜ ಇದೆ ಎಂಬುದು ದಶಕಗಳಿಂದ ಗೊತ್ತು. ನಾವು ಖನಿಜ ಹುಡುಕುತ್ತಿರುವ ಬ್ಲಾಕ್ ಅದಲ್ಲ, ಅದೇ ಪಟ್ಟಿಯ ಮೇಲಿನ ಇನ್ನೊಂದು ತುಂಡು. ಇಲ್ಲಿಂದ ಪಶ್ಚಿಮಕ್ಕೆ, ನಮ್ಮ ರಾಜ್ಯದ ಗಡಿಯಲ್ಲೇ ಇರುವ ಹೊಗೆನಕಲ್ಲಿನ ಕಾರ್ಬೊನಟೈಟ್ ಇನ್ನೂ ಹಳೆಯದು, ಸುಮಾರು 240 ಕೋಟಿ ವರ್ಷದ್ದು. ಜಲಪಾತ ನೋಡಲು ಹರಿಗೋಲು ಹತ್ತುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಹೇಳಬೇಕು.

12 ಜನವರಿ, ಭಾನುವಾರ

ಬೆಳಿಗ್ಗೆ ಆರಕ್ಕೇ ಸಿಂಟಿಲೋಮೀಟರ್ ಹಿಡಿದು ಹೊರಟೆವು. ಪೈರೊಕ್ಲೋರ್ ತನ್ನೊಳಗೆ ಯುರೇನಿಯಂ, ಥೋರಿಯಂ ಇಟ್ಟುಕೊಳ್ಳುತ್ತದೆ. ಅದಕ್ಕೇ ಗಾಮಾ ಕಿರಣಗಳ ಎಣಿಕೆ ನಮಗೆ ದಾರಿ ತೋರಿಸುತ್ತದೆ. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್‌ನಲ್ಲಿ ವಿರಳ ಭೂಧಾತುಗಳ ದೊಡ್ಡ ನಿಕ್ಷೇಪ 1949ರಲ್ಲಿ ಸಿಕ್ಕಿದ್ದೂ ಹೀಗೆಯೇ. ಗೈಗರ್ ಕೌಂಟರ್ ಹಿಡಿದು ಯುರೇನಿಯಂ ಹುಡುಕುತ್ತಿದ್ದವರ ಕಣ್ಣಿಗೆ ಬಿದ್ದದ್ದು ಬ್ಯಾಸ್ಟ್ನಸೈಟ್.

ತೋಟದ ಉತ್ತರದ ಏರಿನಲ್ಲಿ ಎಣಿಕೆ ಒಮ್ಮೆಲೇ ಏರಿತು. ಹುಡುಗರ ಮುಖ ಅರಳಿತು. ನಾನು ಬಂಡೆಯನ್ನು ನೋಡಿದೆ: ಗುಲಾಬಿ ಫೆಲ್ಡ್‌ಸ್ಪಾರ್ ತುಂಬಿದ ಸಯನೈಟ್. ಅದರ ಪೊಟ್ಯಾಸಿಯಮ್ಮೇ ಸಾಕು ಉಪಕರಣವನ್ನು ಕೂಗಿಸಲು. ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಮೂರನ್ನೂ ಬೇರ್ಪಡಿಸಿ ತೋರಿಸುವ ಗಾಮಾ ಸ್ಪೆಕ್ಟ್ರೋಮೀಟರ್ ಬರುವವರೆಗೆ ಒಟ್ಟು ಎಣಿಕೆಯ ಮೇಲೆ ನಕ್ಷೆ ಬಿಡಿಸುವುದು ಬೇಡವೆಂದು ತೀರ್ಮಾನಿಸಿದೆವು.

15 ಜನವರಿ, ಬುಧವಾರ

ಮಾಟ್ಟುಪೊಂಗಲ್. ಕೆಲಸವಿಲ್ಲ. ದನಗಳ ಕೊಂಬಿಗೆ ಬಣ್ಣ ಬಳಿದಿದ್ದಾರೆ. ತೋಟದ ಯಜಮಾನರಾದ ಅಜ್ಜ ಊಟಕ್ಕೆ ಕರೆದರು. ಅವರ ಮನೆಯಲ್ಲಿ ಕನ್ನಡ. ಕೃಷ್ಣಗಿರಿ ಕಡೆಯ ಕನ್ನಡ, ತಮಿಳು ತೆಲುಗು ಎರಡೂ ಬೆರೆತದ್ದು. ಕಿವಿಗೆ ಹಿತವಾಗಿತ್ತು.

ಬಾವಿ ತೋಡಿದಾಗ ಎತ್ತಿ ಹಾಕಿದ ಮಣ್ಣಿನ ದಿಬ್ಬ ಹಿತ್ತಿಲಲ್ಲಿ ಇನ್ನೂ ಇದೆ. ಈ ಸೀಮೆಯಲ್ಲಿ ನೆಲದ ಒಳಗನ್ನು ಖರ್ಚಿಲ್ಲದೆ ನೋಡಬೇಕಾದರೆ ತೆರೆದ ಬಾವಿಗಳ ಸುತ್ತಲಿನ ದಿಬ್ಬಗಳೇ ದಾರಿ. ನಾನು ಯಾವುದನ್ನೂ ಬಿಡುವುದಿಲ್ಲ. ದಿಬ್ಬದಲ್ಲಿ ಹೊಂಬಣ್ಣದ ಅಭ್ರಕದಂಥ ಹಾಳೆಗಳು ಹೊಳೆಯುತ್ತಿದ್ದವು. ಮೊಮ್ಮಗಳು ಒಂದು ಚೂರನ್ನು ಒಲೆಯ ಕೆಂಡದ ಮೇಲಿಟ್ಟಳು. ಬಾಣಲೆಯಲ್ಲಿ ಭತ್ತ ಅರಳಾಗುವಂತೆ ಅದು ಹಿಗ್ಗಿ ಉದ್ದವಾಯಿತು. ವರ್ಮಿಕ್ಯುಲೈಟ್! ಮಕ್ಕಳಿಗೆ ಇದು ಹಳೆಯ ಆಟವಂತೆ. ನನಗೆ ಅದು, ಬಾವಿಯ ತಳದಲ್ಲಿ ಪೈರಾಕ್ಸಿನೈಟ್ ಇದೆ, ಅದಕ್ಕೆ ಕಾರ್ಬೊನಟೈಟಿನ ದ್ರವಗಳು ತಾಗಿರಬಹುದು ಎಂಬ ಸುಳಿವು.

ಎಲೆಯ ಮುಂದೆ ಕೂತಾಗ ಅಜ್ಜ ಕೇಳಿದರು: “ಏನ್ ಹುಡುಕ್ತಿದ್ದೀಯಮ್ಮ? ಚಿನ್ನವಾ?”

ಅಲ್ಲ ಅಜ್ಜ, ಉಕ್ಕನ್ನು ಗಟ್ಟಿ ಮಾಡುವ ಒಂದು ಲೋಹ, ಮೋಟಾರಿನೊಳಗಿನ ಅಯಸ್ಕಾಂತಕ್ಕೆ ಹಾಕುವ ಇನ್ನು ಕೆಲವು ಎಂದೆ. “ಸಿಕ್ಕಿದ್ರೆ ಹೇಳ್ತೀಯಲ್ಲ?” ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

22 ಜನವರಿ, ಬುಧವಾರ

ಕಾರ್ಬೊನಟೈಟಿನಿಂದ ಸ್ವಲ್ಪ ದೂರದ ನೈಸ್ ಬಂಡೆಯಲ್ಲಿ ಬೆಣಚು ಮಾಯವಾಗಿದೆ. ಅದರ ಜಾಗದಲ್ಲಿ ಹಸಿರು ಎಜಿರಿನ್, ನೀಲಿ ಛಾಯೆಯ ಆಂಫಿಬೋಲ್. ಬಿಸಿ ಕ್ಷಾರ ದ್ರವಗಳು ಸುತ್ತಲಿನ ಬಂಡೆಯೊಳಗೆ ನುಗ್ಗಿ ಮಾಡಿದ ಕೆಲಸ ಇದು. ಫೆನ್ ಊರಿನ ಹೆಸರಿನಿಂದಲೇ ಇದಕ್ಕೆ ಫೆನೈಟ್ ಎನ್ನುತ್ತೇವೆ. ಫೆನೈಟ್ ದಟ್ಟವಾಗುತ್ತಾ ಹೋಗುವ ದಿಕ್ಕು ಈಶಾನ್ಯ. ಅತ್ತ ಮಣ್ಣು ಆಳ, ಕಡಲೆಕಾಯಿ ಹೊಲಗಳು, ಒಂದು ಬಂಡೆಯೂ ಹೊರಗೆ ಕಾಣುವುದಿಲ್ಲ. ಇಡೀ ಬ್ಲಾಕಿನಲ್ಲಿ ನನ್ನ ಆಸೆ ಇರುವುದು ಅಲ್ಲೇ.

ಮಧ್ಯಾಹ್ನ ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದೆವು. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಚಿನ್ನಕ್ಕಾಗಿ ತೊಳೆಯುತ್ತಿದ್ದ ವಿದ್ಯೆಯೇ ಇದು. ಹಗುರ ಮರಳು ನೀರಿನೊಂದಿಗೆ ಹೋಗಿ ಕಪ್ಪು ಮ್ಯಾಗ್ನೆಟೈಟ್ ತಳದಲ್ಲಿ ಉಳಿಯುತ್ತದೆ. ಅಯಸ್ಕಾಂತದಿಂದ ಅದನ್ನು ಎತ್ತಿದ ಮೇಲೆ ಹಸಿರುಮಿಶ್ರಿತ ಅಪಟೈಟ್, ಜಿರ್ಕಾನ್, ನಡುವೆ ಜೇನುಬಣ್ಣದ, ರಾಳದ ಹೊಳಪಿನ ಒಂದೆರಡು ಕಣ. ಲೆನ್ಸಿನಲ್ಲಿ ಎಂಟು ಮುಖಗಳ ಆಕಾರ ಕಂಡಾಗ ಮೈ ಜುಮ್ಮೆಂದಿತು. ಪೈರೊಕ್ಲೋರ್ ಎನ್ನಲು ಮನಸ್ಸು ತುದಿಗಾಲಲ್ಲಿತ್ತು. ಪುಸ್ತಕದಲ್ಲಿ ‘ಪೈರೊಕ್ಲೋರ್ ಇರಬಹುದು, ಪರೀಕ್ಷಿಸಬೇಕು’ ಎಂದಷ್ಟೇ ಬರೆದೆ.

30 ಜನವರಿ, ಗುರುವಾರ

ಕ್ರಿಟಿಕಲ್ ಮಿನರಲ್ ಮಿಷನ್‌ಗೆ ಕೇಂದ್ರ ಸಂಪುಟ ನಿನ್ನೆ ಒಪ್ಪಿಗೆ ಕೊಟ್ಟಿದೆ. ಬೆಳಗಿನಿಂದ ಫೋನ್ ನಿಂತಿಲ್ಲ.

ಸಂತೋಷವೇ. ನಿಯೋಬಿಯಂ ವಿಷಯದಲ್ಲಿ ಜಗತ್ತು ಒಂದೇ ದೇಶದ ಕೈ ನೋಡುತ್ತಿದೆ. ಉತ್ಪಾದನೆಯ ಸುಮಾರು ಶೇಕಡಾ ತೊಂಬತ್ತು ಭಾಗ ಬ್ರೆಜಿಲ್ಲಿನದು, ಅದರಲ್ಲೂ ಹೆಚ್ಚಿನದು ಅರಾಷಾ ಎಂಬ ಒಂದೇ ಊರಿನದು. ಗ್ಯಾಸ್ ಪೈಪ್‌ಲೈನ್, ಸೇತುವೆ, ಕಾರುಗಳ ಉಕ್ಕಿಗೆ ಶೇಕಡಾ ಒಂದರ ನೂರನೇ ಕೆಲವು ಭಾಗದಷ್ಟು ಸೇರಿಸಿದರೂ ಸಾಕು, ಉಕ್ಕಿನ ಬಲ ಏರುತ್ತದೆ. ಎಂಆರ್‌ಐ ಯಂತ್ರದ ಅಯಸ್ಕಾಂತದ ತಂತಿಯೂ ನಿಯೋಬಿಯಂ-ಟೈಟೇನಿಯಂ. ನಾವು ಫೆರೋನಿಯೋಬಿಯಂ ಹೊರಗಿನಿಂದ ತರಿಸುವವರು.

ಆದರೆ ಈ ಬೆಲ್ಟಿಗೆ ಇನ್ನೊಂದು ಗಂಟಿದೆ. ಗಣಿ ಕಾನೂನಿನ 2023ರ ತಿದ್ದುಪಡಿಯಲ್ಲಿ ನಿಯೋಬಿಯಂ ಅಣುಖನಿಜಗಳ ಪಟ್ಟಿಯಿಂದ ಹೊರಬಂತು, ಹರಾಜಿನ ದಾರಿ ತೆರೆಯಿತು. ವಿರಳ ಭೂಧಾತುಗಳ ಮಾತು ಹಾಗಲ್ಲ. ಯುರೇನಿಯಂ, ಥೋರಿಯಂ ಇಲ್ಲದ ಖನಿಜಗಳು ಕ್ರಿಟಿಕಲ್ ಖನಿಜಗಳ ಹೊಸ ಪಟ್ಟಿಗೆ ಹೋದವು, ಇರುವಂಥವು ಅಣುಖನಿಜಗಳಾಗಿಯೇ ಉಳಿದವು. ಸೇವತ್ತೂರಿನ ಪೈರೊಕ್ಲೋರೋ ಯುರೇನಿಯಂ ಹೇರಳವಾಗಿರುವ ಜಾತಿಯದು. ಹಾಗಾಗಿ ನಮ್ಮ ಮಾದರಿಗಳಲ್ಲಿ ಯುರೇನಿಯಂ, ಥೋರಿಯಂ ಎಷ್ಟು ಎಂಬುದನ್ನು ಮೊದಲ ದಿನದಿಂದಲೇ ಅಳೆಯಬೇಕು. ಅದು ಕಾನೂನಿಗೂ ಬೇಕು, ಮುಂದೆ ಅದಿರು ತೊಳೆದ ಮೇಲೆ ಉಳಿಯುವ ಕೆಸರನ್ನು ಎಲ್ಲಿಡುತ್ತೇವೆ ಎಂಬ ಪ್ರಶ್ನೆಗೂ ಬೇಕು. ಫೆನ್‌ನ ಸೋವೆ ಗಣಿ 1953ರಿಂದ 1965ರವರೆಗೆ ನಿಯೋಬಿಯಂ ತೆಗೆದು ಮುಚ್ಚಿತು. ಅದು ಬಿಟ್ಟುಹೋದ ವಿಕಿರಣಶೀಲ ಕಸದ ಚಿಂತೆ ಗಣಿಗಿಂತ ಬಹುಕಾಲ ಬಾಳಿತು.

11 ಫೆಬ್ರವರಿ, ಮಂಗಳವಾರ

ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಗನ್ನಿನಲ್ಲಿ ನಿಯೋಬಿಯಂ ಚೆನ್ನಾಗಿ ಓದುತ್ತದೆ. ಲ್ಯಾಂಥನಮ್, ಸೀರಿಯಂ ಪರವಾಗಿಲ್ಲ. ಭಾರದ ಭೂಧಾತುಗಳನ್ನು ಅದು ಹಿಡಿಯಲಾರದು, ಯಿಟ್ರಿಯಂ ನೋಡಿ ಅಂದಾಜು ಮಾಡಬೇಕಷ್ಟೆ.

ಮಾದರಿಗಳನ್ನು ಲ್ಯಾಬಿಗೆ ಕಳಿಸುವ ಪಟ್ಟಿಯಲ್ಲಿ ‘ನಾಲ್ಕು ಆ್ಯಸಿಡ್ ವಿಧಾನ’ ಎಂದಿತ್ತು. ಹೊಡೆದು ಹಾಕಿದೆ. ಪೈರೊಕ್ಲೋರ್ ಆ್ಯಸಿಡ್ಡಿಗೆ ಪೂರ್ತಿ ಬಗ್ಗುವುದಿಲ್ಲ. ಒಂದು ಪಾಲು ಕರಗದೆ ತಳದಲ್ಲಿ ಉಳಿದರೆ, ಅಲ್ಲಿರುವ ನಿಯೋಬಿಯಂ ಕಾಗದದ ಮೇಲೆ ಇಲ್ಲವಾಗುತ್ತದೆ. ಲಿಥಿಯಂ ಬೋರೇಟ್ ಜತೆ ಕಾಯಿಸಿ ಕರಗಿಸಿಯೇ ಅಳೆಯಬೇಕು, ಖರ್ಚು ಹೆಚ್ಚಾದರೂ ಸರಿ. ಚೀಲಗಳ ನಡುವೆ ಗೊತ್ತಿರುವ ಪ್ರಮಾಣದ ಮಾದರಿ, ಖಾಲಿ ಮಾದರಿ, ಒಂದೇ ಮಾದರಿಯ ಜೋಡಿ, ಇವನ್ನು ಲ್ಯಾಬಿಗೆ ಗುರುತು ಸಿಗದಂತೆ ಸೇರಿಸಿದ್ದೇನೆ. ಈ ಕೆಲಸದಲ್ಲಿ ನಂಬಿಕೆ ಎಂಬುದು ಇಂಥ ಚೀಲಗಳಿಂದಲೇ ಹುಟ್ಟುವುದು.

4 ಮಾರ್ಚ್, ಮಂಗಳವಾರ

ರಿಗ್ ಬಂದಿದೆ. ಡ್ರಿಲ್ಲಿಂಗಿಗೆ ನೀರು ಬೇಕು, ಊರಿನಲ್ಲಿ ಬೇಸಗೆ ಶುರುವಾಗಿದೆ. ಯಾರ ಬಾವಿಗೂ ಪಂಪ್ ಇಳಿಸಬಾರದು ಎಂಬ ನನ್ನ ಹಟ ಗೆದ್ದಿತು. ದೂರದಿಂದ ಟ್ಯಾಂಕರ್ ಬರುತ್ತಿದೆ, ಗುಂಡಿಯಲ್ಲಿ ತಿಳಿಯಾದ ನೀರನ್ನೇ ಮತ್ತೆ ಮತ್ತೆ ಬಳಸುತ್ತಿದ್ದೇವೆ.

ಕಾರ್ಬೊನಟೈಟಿನ ಪಟ್ಟೆಗಳು ಬಹುತೇಕ ನೆಟ್ಟಗೆ ನಿಂತಿರುವುದರಿಂದ ರಾಡನ್ನು ಓರೆಯಾಗಿ ಇಳಿಸಿದ್ದೇವೆ. ನೇರ ಕೊರೆದರೆ ಒಂದೇ ಪಟ್ಟೆಯೊಳಗೆ ಇಳಿಯುತ್ತಾ ಹೋಗಿ ಇಡೀ ಬೆಟ್ಟವೇ ಅದಿರೆಂಬ ಭ್ರಮೆ ಹುಟ್ಟುತ್ತದೆ. ವರ್ಮಿಕ್ಯುಲೈಟ್ ಪದರಕ್ಕೆ ಬಂದಾಗ ಕೋರ್ ಪುಡಿಪುಡಿ. ಡ್ರಿಲ್ಲರ್ ವೇಗ ತಗ್ಗಿಸಿ, ನೀರಿನ ಒತ್ತಡ ಇಳಿಸಿ, ಗೇಣು ಗೇಣಾಗಿ ಎತ್ತಿದರು. ಇಂಜಿನ್ನಿನ ಸದ್ದು ಬದಲಾದದ್ದರಿಂದಲೇ ಕೆಳಗಿನ ಕಲ್ಲು ಬದಲಾಯಿತೆಂದು ಹೇಳುವ ಮನುಷ್ಯ. ಅವರು ಹೇಳಿದ ಆಳದಲ್ಲೇ ಬಿಳಿ ಕಾರ್ಬೊನಟೈಟ್ ಆರಂಭವಾಯಿತು: ಅಪಟೈಟಿನ ಹಸಿರು ಗೆರೆಗಳು, ಮ್ಯಾಗ್ನೆಟೈಟಿನ ಕಪ್ಪು ಗೆರೆಗಳು, ಅವುಗಳ ಅಂಚಿನಲ್ಲಿ ಕಂದು ಚುಕ್ಕೆ. ಕೋರನ್ನು ಒದ್ದೆ ಮಾಡಿ ನೋಡುತ್ತಾ ಕತ್ತಲಾದದ್ದು ತಿಳಿಯಲಿಲ್ಲ.

6 ಏಪ್ರಿಲ್, ಭಾನುವಾರ

ಸಮೇರಿಯಂ, ಗ್ಯಾಡೊಲಿನಿಯಂ, ಟೆರ್ಬಿಯಂ, ಡಿಸ್ಪ್ರೋಸಿಯಂ, ಲುಟೀಷಿಯಂ, ಸ್ಕ್ಯಾಂಡಿಯಂ, ಯಿಟ್ರಿಯಂ ಈ ಏಳರ ರಫ್ತಿಗೆ ಚೀನಾ ಮೊನ್ನೆ ಲೈಸೆನ್ಸಿನ ಕಟ್ಟು ಹಾಕಿದೆ. ಕಚೇರಿಯಿಂದ ಒಂದೇ ಪ್ರಶ್ನೆ: ನಮ್ಮಲ್ಲಿ ಡಿಸ್ಪ್ರೋಸಿಯಂ ಇದೆಯೇ?

ಕಾರ್ಬೊನಟೈಟ್ ಸಾಮಾನ್ಯವಾಗಿ ಕೊಡುವುದು ಹಗುರ ಭೂಧಾತುಗಳನ್ನು: ಲ್ಯಾಂಥನಮ್, ಸೀರಿಯಂ, ಪ್ರಾಸಿಯೋಡೈಮಿಯಂ, ನಿಯೋಡೈಮಿಯಂ. ಅಯಸ್ಕಾಂತಕ್ಕೆ ಕೊನೆಯ ಎರಡು ಬೇಕೇ ಬೇಕು. ಆದರೆ ಬಿಸಿಯಲ್ಲೂ ಬಲ ಕುಂದದ ಅಯಸ್ಕಾಂತಕ್ಕೆ ಬೆರೆಸುವ ಡಿಸ್ಪ್ರೋಸಿಯಂ ಇಲ್ಲಿ ಅತ್ಯಲ್ಪ. ಲ್ಯಾಬಿನ ಫಲಿತಾಂಶವೂ ಅದನ್ನೇ ಹೇಳುತ್ತದೆ. ಹಾಗೆಯೇ ಬರೆದು ಕಳಿಸಿದೆ. ಸುದ್ದಿಯಲ್ಲಿ ಯಾವ ಧಾತು ಇದೆ ಎಂದು ನೋಡಿ ಬಂಡೆಯಲ್ಲಿ ಅದನ್ನು ಹುಡುಕಲು ಬರುವುದಿಲ್ಲ.

19 ಏಪ್ರಿಲ್, ಶನಿವಾರ. ಬೆಂಗಳೂರು

ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ, ಅನಂತರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಕಂದು ಚುಕ್ಕೆಗಳು ಪೈರೊಕ್ಲೋರ್ ಹೌದು. ಇನ್ನು ಅನುಮಾನವಿಲ್ಲ!

ಆದರೆ ಕಣಗಳು ಬಹಳ ಚಿಕ್ಕವು, ಕೆಲವು ಅಪಟೈಟಿನ ಹರಳಿನೊಳಗೇ ಹುದುಗಿವೆ. ಬಿಡಿಸಬೇಕಾದರೆ ಬಂಡೆಯನ್ನು ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕು. ಅಷ್ಟು ನುಣ್ಣಗಾದರೆ ನೊರೆಯಲ್ಲಿ ತೇಲಿಸಿ ಬೇರ್ಪಡಿಸುವಾಗ ಕೆಸರಿನೊಂದಿಗೆ ಕಳೆದುಹೋಗುತ್ತದೆ. ಭೂಧಾತುಗಳ ಒಂದು ಪಾಲು ಅಪಟೈಟಿನ ರಚನೆಯೊಳಗೇ ಚದುರಿಹೋಗಿದೆ, ಸ್ವಲ್ಪ ಮಾತ್ರ ಮೊನಜೈಟ್ ಆಗಿ ಬಿರುಕುಗಳಲ್ಲಿ ಕೂತಿದೆ. ಲ್ಯಾಬಿನ ಕಾಗದದಲ್ಲಿ ಎರಡೂ ಕೂಡಿ ಒಂದೇ ಅಂಕಿ. ತೆಗೆಯುವವನಿಗೆ ಅವು ಎರಡು ಬೇರೆ ಲೋಕ.

ಅರಾಷಾದಲ್ಲಿ ಮಳೆ ಮತ್ತು ಕಾಲ ಕೂಡಿ ಕಾರ್ಬೊನೇಟನ್ನು ಕರಗಿಸಿ ಕೊಂಡೊಯ್ದು, ಪೈರೊಕ್ಲೋರನ್ನು ಮೆತ್ತನೆಯ ಮಣ್ಣಿನಲ್ಲಿ ಒಟ್ಟುಮಾಡಿವೆ. ಅಲ್ಲಿ ನಿಯೋಬಿಯಂ ಆಕ್ಸೈಡ್ ಶೇ. 2ಕ್ಕೂ ಹೆಚ್ಚು. ಕೆನಡಾದ ಸೇಂಟ್ ಒನೊರೆಯಲ್ಲಿರುವ ನಿಯೋಬೆಕ್ ಗಟ್ಟಿ ಬಂಡೆಯಲ್ಲೇ, ಸುಮಾರು ಅರ್ಧ ಶೇಕಡಾದಷ್ಟಿದ್ದರೂ, 1976ರಿಂದ ನೆಲದಡಿ ಗಣಿ ನಡೆಸುತ್ತಿದೆ. ಆ ಅರ್ಧ ಶೇಕಡಾ ಬಿಡಿಸಿಕೊಳ್ಳಲು ಒದಗಿ ಬಂದ ರೂಪದಲ್ಲಿದೆ. ಇಷ್ಟು ಶೇಕಡಾ ಸಿಕ್ಕಿತು ಎಂಬ ತಲೆಬರಹಗಳನ್ನು ಓದುವಾಗಲೆಲ್ಲ ನನಗೆ ಕೇಳಬೇಕೆನಿಸುವುದು ಇದೇ: ಯಾವ ಖನಿಜದಲ್ಲಿ, ಎಷ್ಟು ದೊಡ್ಡ ಕಣದಲ್ಲಿ? ಇದನ್ನು ಕೇಳದೆ ನಿಕ್ಷೇಪ ಎಂಬ ಮಾತನ್ನು ಯಾರೂ ಆಡಬಾರದು, ಸರ್ಕಾರವೂ ಸೇರಿ.

2 ಮೇ, ಶುಕ್ರವಾರ

ಕೊರೆದ ತೂತುಗಳಿಗೆ ಸಿಮೆಂಟ್ ತುಂಬಿ, ಗುಂಡಿಗಳನ್ನು ಮುಚ್ಚಿ, ಮೇಲ್ಮಣ್ಣನ್ನು ಮೊದಲಿದ್ದಂತೆ ಹರಡಿ ಆಯಿತು. ಸಂಜೆ ಅಜ್ಜನ ಬಳಿ ಹೋದೆ. ಕೊಟ್ಟ ಮಾತಿತ್ತು.

“ಇದೆ ಅಜ್ಜ. ಆದರೆ ಬಹಳ ಸಣ್ಣ ಸಣ್ಣ ಕಣವಾಗಿ ಇದೆ. ತೆಗೆಯೋಕೆ ಆಗುತ್ತೋ ಇಲ್ವೋ ಈಗಲೇ ಯಾರೂ ಹೇಳೋಕೆ ಆಗಲ್ಲ. ಇನ್ನೂ ಪರೀಕ್ಷೆ ಮಾಡಬೇಕು, ಮತ್ತೆ ಕೊರೀಬೇಕು.”

ಅವರು ತುಸು ಹೊತ್ತು ಸುಮ್ಮನಿದ್ದು ಕೇಳಿದರು: “ಆ ಕಡೆ ಹೊಲದಲ್ಲಿ ತೆಂಗಿನ ಸಸಿ ಇಡ್ಬೇಕು ಅಂತಿದ್ದೆ. ನೀವು ಬಂದ್ರಲ್ಲ ಅಂತ ನಿಲ್ಸಿದ್ದೀನಿ. ಇಡ್ಲಾ, ಬೇಡ್ವಾ?”

ಈಶಾನ್ಯದ ಹೊಲವೇ ಅದು. ಇಡಿ ಎಂದೆ. ಎಲ್ಲ ಪರೀಕ್ಷೆ ಗೆದ್ದರೂ ಇಲ್ಲಿ ಗಣಿ ತೆರೆಯಲು ಹತ್ತು ವರ್ಷಕ್ಕಿಂತ ಮೇಲೇ ಬೇಕು, ಅಷ್ಟರಲ್ಲಿ ತೆಂಗು ಫಸಲು ಕೊಟ್ಟಿರುತ್ತದೆ. ಯಾರಾದರೂ ಬಂದು ಇಲ್ಲಿ ನಿಧಿ ಇದೆ, ಹೊಲ ಮಾರಿ ಎಂದರೆ ಮೊದಲು ನನಗೆ ಫೋನ್ ಮಾಡಿ ಎಂದು ನಂಬರ್ ಬರೆದುಕೊಟ್ಟೆ.

ರಾತ್ರಿ ವರದಿಯ ಶಿಫಾರಸು ಬರೆದು ಮುಗಿಸಿದೆ. ಈಶಾನ್ಯದಲ್ಲಿ ಮೊದಲು ಮ್ಯಾಗ್ನೆಟಿಕ್ ಸರ್ವೆ, ಅನಂತರ ಬದುಗಳ ಮೇಲೆ ಮಾತ್ರ ಎರಡು ಬೋರ್, ಹೊಲದೊಳಗೆ ಬೇಡ. ಅದಕ್ಕೂ ಮುನ್ನ ಈಗಿರುವ ಕೋರಿನ ಅರ್ಧ ಭಾಗವನ್ನು ಅರೆದು ತೇಲಿಸಿ ನೋಡುವ ಪ್ರಯೋಗ. ಅದರಲ್ಲಿ ಪೈರೊಕ್ಲೋರ್ ಬೇರೆಯಾಗದಿದ್ದರೆ ಹೊಸ ಬೋರಿಗೆ ಹಣ ಹಾಕಬೇಡಿ ಎಂದು ಸ್ಪಷ್ಟವಾಗಿ ಬರೆದಿದ್ದೇನೆ.