ಪಡಸಾಲೆಗೆ ಹೊಸ ಟೀವಿ ಬೇಕೆ?

ನಮ್ಮ ಪಡಸಾಲೆಯಲ್ಲಿ ಒಂದು ಟೀವಿ ಇದೆ. 21 ಇಂಚಿನ, ಬೆನ್ನಿಗೆ ಗೂನು ಇರುವ ಹಳೆಯ ಡಬ್ಬಿ. 2006ರಲ್ಲಿ ಹತ್ತಿ ಮಾರಿದ ರೊಕ್ಕದಲ್ಲಿ ತಂದದ್ದು. ಈಗ ಅದರ ಬಣ್ಣ ಕೆಟ್ಟು ಎಲ್ಲರ ಮುಖವೂ ಹಸಿರಾಗಿ ಕಾಣುತ್ತದೆ. ಮಗ್ಗಲಿಗೆ ಎರಡು ಏಟು ಕೊಟ್ಟರೆ ಅರ್ಧ ತಾಸು ಸುಮ್ಮನಿರುತ್ತದೆ, ಮತ್ತೆ ಹಸಿರು. ಇದನ್ನು ತೆಗೆದು ಹೊಸದು ತರಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಎರಡು ತಿಂಗಳಿಂದ ನಡೆದಿದೆ.

ಕೂಲಿ, ಭೂಮಿ, ಹಾಸ್ಟೆಲ್ಲಿನ ಮಾತು ಬಿಟ್ಟು ಟೀವಿಯ ಮಾತೇಕೆ ಎಂದು ಗೆಳೆಯರು ಕೇಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ ಈ ಟೀವಿಯ ಜೊತೆ ಅವ್ವನ ಹಳೆಯ ಲೆಕ್ಕವೊಂದು ಸೇರಿಕೊಂಡಿದೆ. ಅದು ನಮ್ಮ ಕೇರಿಯ ಲೆಕ್ಕವೂ ಹೌದು.

ನಾವು ಅಣ್ಣತಮ್ಮಂದಿರಿಬ್ಬರು ಒಂದೇ ಸೂರಿನಡಿ ಇದ್ದೇವೆ. ತಿಂಗಳ ಪಗಾರ ಕಂಡವರು ಮನೆಯಲ್ಲಿ ಹಿರಿಯ ಮೊಮ್ಮಗ ಒಬ್ಬನೇ. ಬೆಂಗಳೂರಿನಲ್ಲಿ ಗೋದಾಮಿನ ಕೆಲಸ. ದೀಪಾವಳಿಗೆ ಬಂದವನು, '43 ಇಂಚಿಂದು ಸ್ಮಾರ್ಟ್ ಟೀವಿ ತಗೊಳ್ಳೂಣು, ಹನ್ನೆರಡು ಕಂತು, ಬಡ್ಡಿನೇ ಇಲ್ಲ' ಅಂದ. ನಾವಿಬ್ಬರೂ 32 ಇಂಚಿನದು ಸಾಕು ಅಂದೆವು. ಅವ್ವ ಮೂಲೆಯಲ್ಲಿ ಕುಂತು ಅಡಿಕೆ ಕತ್ತರಿಸುತ್ತಿದ್ದಳು. 'ದೊಡ್ಡದ ಇರಲಿ. ಕಂತು ಬ್ಯಾಡ' ಅಂದಳು. ಎರಡೂ ಕಡೆಯವರಿಗೆ ಅರ್ಧ ಗೆಲುವು, ಅರ್ಧ ಸೋಲು.

ಅವ್ವ ಯಾಕೆ ಹಾಗಂದಳು ಅಂತ ತಿಳಿಯಬೇಕಾದರೆ ಐವತ್ತು ವರ್ಷ ಹಿಂದೆ ಹೋಗಬೇಕು. ನಮ್ಮದು ರಾಯಚೂರು ಜಿಲ್ಲೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಸರ್ಕಾರ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸುವ ಪ್ರಯೋಗ ಮಾಡಿತು. ಸೈಟ್ ಅಂತ ಅದರ ಹೆಸರು. ಆರು ರಾಜ್ಯಗಳ 2,400 ಹಳ್ಳಿಗಳು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನವರು 1981ರ ತನಕ ಸ್ವಂತ ದೂರದರ್ಶನ ಕೇಂದ್ರಕ್ಕೆ ಕಾಯಬೇಕಾಯಿತು. ನಮ್ಮೂರಿಗೆ ಅದಕ್ಕೂ ಮೊದಲೇ ಟೀವಿ ಬಂದಿತ್ತು. ಹತ್ತು ಅಡಿ ಅಗಲದ, ಕೋಳಿಗೂಡಿನ ಜಾಲರಿಯಂಥ ತಂತಿಯ ತಟ್ಟೆ. ಮುಂಜಾನೆ ಮಕ್ಕಳಿಗೆ ಪಾಠ, ಸಂಜೆ ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ.

ನಮ್ಮೂರಲ್ಲಿ ಆ ಪೆಟ್ಟಿಗೆಯನ್ನು ಚಾವಡಿಯಲ್ಲಿ ಇಟ್ಟರು. ಚಾವಡಿಯ ಕಟ್ಟೆ ಹತ್ತುವ ಹಕ್ಕು ಕೇರಿಯವರಿಗೆ ಇರಲಿಲ್ಲ. ಅಸ್ಪೃಶ್ಯತೆ ಅಪರಾಧ ಎಂದು ಕಾಯ್ದೆ ಬಂದು ಆಗಲೇ ಇಪ್ಪತ್ತು ವರ್ಷ ಆಗಿತ್ತು, 1955ರದು. ಅವ್ವ ಆಗ ಹೊಸದಾಗಿ ಲಗ್ನವಾಗಿ ಬಂದಿದ್ದಳು, ಹದಿನಾಲ್ಕು ವರ್ಷ. ಬೇವಿನ ಗಿಡದ ಕೆಳಗೆ ನಿಂತು ನೋಡಿದ್ದು. 'ಮುಂದಿನವ್ರ ತಲಿ ಅಷ್ಟ ಕಾಣತಿದ್ವು. ಪೆಟ್ಟಿಗ್ಯಾಗಿನ ಮನಷ್ಯಾ ಮಾತಾಡೂದು ಕೇಳತಿತ್ತು, ಮಕಾ ಕಾಣತಿದ್ದಿಲ್ಲ' ಅನ್ನುತ್ತಾಳೆ. ಅಮೆರಿಕದವರ ಉಪಗ್ರಹ 36 ಸಾವಿರ ಕಿಲೋಮೀಟರು ಎತ್ತರದಿಂದ ನಮ್ಮೂರಿಗೆ ಚಿತ್ರ ಇಳಿಸಿತು. ನಮ್ಮ ಜನ ನಾಲ್ಕು ಮಾರು ಮುಂದೆ ಹೋಗಿ ಅದನ್ನು ನೋಡಲಾಗಲಿಲ್ಲ.

ಅದೇ 1975ರ ಅಕ್ಟೋಬರಿನಲ್ಲಿ ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂತು. ಮರುವರ್ಷ ಅದು ಕಾಯ್ದೆಯಾಯಿತು. ನಮ್ಮ ತಾತ ಆಗ ಮುನ್ನೂರು ರೂಪಾಯಿ ಸಾಲಕ್ಕೆ ಜೀತ ಇದ್ದ. ಮೂರು ವರ್ಷ ದುಡಿದರೂ ಸಾಲ ಮುನ್ನೂರೇ ಇತ್ತು. ಕಾಯ್ದೆಯ ಸುದ್ದಿ ಅವನಿಗೆ ತಲುಪಲು ಮತ್ತೆ ಎರಡು ವರ್ಷ ಹಿಡಿಯಿತು. ಹೀಗಾಗಿ 'ಕಂತು' ಅಂದರೆ ಅವ್ವನ ಕಿವಿಗೆ ಬೇರೇನೋ ಕೇಳಿಸುತ್ತದೆ. ಮೊಮ್ಮಗ ನಗುತ್ತಾನೆ: 'ಕಂಪನಿಯವ್ರು ಗೌಡ ಅಲ್ಲಬೇ.' ಅವನ ಮಾತೂ ಖರೆ. ಕಂತು ತಪ್ಪಿದರೆ ಯಾರೂ ಬಂದು ಕೊಟ್ಟಿಗೆಗೆ ಎಳೆದೊಯ್ಯುವುದಿಲ್ಲ. ಆದರೆ ಬಡ್ಡಿ ಇಲ್ಲ ಅನ್ನೋದು? ಸೊನ್ನೆ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಹೆಸರಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕೇ 2013ರಲ್ಲಿ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ನಾವು ಅಂಗಡಿಯಲ್ಲಿ ಕೇಳಿ ನೋಡಿದೆವು. ಕಂತಿನಲ್ಲಾದರೆ 23 ಸಾವಿರ, ಮೇಲೆ ಕಾಗದಪತ್ರದ ಖರ್ಚು. ಕೈಯಲ್ಲಿ ರೊಕ್ಕ ಎಣಿಸಿದರೆ 21,500. ಬಡ್ಡಿ ಎಲ್ಲಿ ಕುಂತಿತ್ತು ಅಂತ ಮೊಮ್ಮಗನಿಗೂ ತಿಳಿಯಿತು.

ಇನ್ನು ಅಳತೆಯ ಮಾತು. ಇಂಚು ಅಂದರೆ ಓರೆಯಾಗಿ, ಮೂಲೆಯಿಂದ ಮೂಲೆಗೆ ಅಳೆದದ್ದು. ನಮ್ಮ ಹಳೆಯ ಡಬ್ಬಿಯ ಪರದೆಯ ಎತ್ತರ ಸುಮಾರು 12 ಇಂಚು. ಹೊಸವು ಅಗಲ ಹೆಚ್ಚು, ಎತ್ತರ ಕಮ್ಮಿ. 32ರದು ಎತ್ತರ 16 ಇಂಚೂ ಇಲ್ಲ. 43ರದು 21 ಇಂಚು. ಇಷ್ಟು ದಿನ 32ಕ್ಕಿಂತ ದೊಡ್ಡದಕ್ಕೆ ನೂರಕ್ಕೆ 28 ಜಿಎಸ್‌ಟಿ ಇತ್ತು; 2025ರ ಸೆಪ್ಟೆಂಬರ್ 22ರಿಂದ ಅದೂ ಸಣ್ಣದರಂತೆ 18 ಆಗಿದೆ. ಅಂಗಡಿಯವನು ಇನ್ನೂ ಆರು ಸಾವಿರ ಹಾಕಿ ಫೋರ್-ಕೆ ಒಯ್ಯಿರಿ ಅಂದ. ನಮ್ಮ ಪಡಸಾಲೆಯಲ್ಲಿ ಟೀವಿಯ ಗೋಡೆಯಿಂದ ಬಾಗಿಲಿಗೆ 12 ಅಡಿ. ಆ ಅಳತೆಯ ಸಾದಾ ಪರದೆಯ ಚುಕ್ಕಿಗಳೇ ಆರು ಅಡಿ ದೂರದಿಂದ ಕಣ್ಣಿಗೆ ಬೇರೆಬೇರೆ ಕಾಣುವುದಿಲ್ಲ. 12 ಅಡಿಗೆ ಫೋರ್-ಕೆ ಏನು ಮಾಡುತ್ತದೆ? ದೂರದಿಂದ ನೋಡುವವರಿಗೆ ಬೇಕಾದದ್ದು ದೊಡ್ಡ ಪರದೆ. ಆರು ಸಾವಿರ ಉಳಿಯಿತು.

ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳ ಪ್ರಶ್ನೆ ಬೇರೆ. 'ಟೀವಿ ದೊಡ್ಡದಾದ್ರ ಧಾರಾವಾಹಿಯೊಳಗಿನ ಅವರ ಮನಿ ಇನ್ನಾ ದೊಡ್ಡದ ಕಾಣತದ. ನಮ್ಮ ಮನಿ ಯಾವಾಗ ಕಾಣತದ?' ನಾವು ಉತ್ತರ ಕೊಡಲಿಲ್ಲ. ಆ ಮನೆಗಳಲ್ಲಿ ಯಾವಾಗಲೂ ಮೆಟ್ಟಿಲು, ದೇವರ ಕೋಣೆ, ರೇಷ್ಮೆ ಸೀರೆಯ ಅತ್ತೆ. ನಮ್ಮಂಥವರು ಕಂಡರೆ ಕೆಲಸದವರಾಗಿ ಬಂದು, ಚಹಾ ಕೊಟ್ಟು ಹೋಗುತ್ತಾರೆ.

ಒಂದು ಸಲ ಮಾತ್ರ ಬೇರೆಯಾಗಿತ್ತು. 2020ರಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾಯಿತು. ಹಿಂದಿಯಲ್ಲಿ ತೆಗೆದ ಅಂಬೇಡ್ಕರರ ಧಾರಾವಾಹಿ, ಕನ್ನಡದ ಮಾತು ಕೂಡಿಸಿದ್ದು. ಎಷ್ಟೋ ಊರುಗಳಲ್ಲಿ ನಮ್ಮ ಹುಡುಗರು ತಾವೇ ರೊಕ್ಕ ಕೂಡಿಸಿ ಅದಕ್ಕೆ ಫ್ಲೆಕ್ಸ್ ಹಾಕಿದರು. ನಮ್ಮ ಕೇರಿಯಲ್ಲಿ ಕೇಬಲ್ ಇದ್ದದ್ದು ಮೂರು ಮನೆಗೆ. ಕೊರೊನಾದ ಅಂಜಿಕೆಯ ದಿನಗಳು. ಒಳಗೆ ಒತ್ತಿ ಕೂರುವಂತಿಲ್ಲ. ಡಬ್ಬಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿದೆವು, ಜನ ಅಂಗಳದಲ್ಲಿ ದೂರದೂರ ಕುಂತರು. ಶಾಲೆಯ ಹುಡುಗ ಭೀಮರಾವ್ ನೀರು ಮುಟ್ಟುವಂತಿಲ್ಲದ ದೃಶ್ಯ ಬಂದಾಗ ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಗಿದ ಮೇಲೆ ಹಿಂದೆ ಕುಂತ ಮುದುಕಿಯೊಬ್ಬಳು ಕೇಳಿದಳು: 'ಹುಡುಗಗ ನೀರು ಕೊಟ್ಟರೇನು? ನನಗ ಕಾಣಲಿಲ್ಲ.'

ಅವ್ವನಿಗೆ ಅದು ಚುಚ್ಚಿತು. ಬೇವಿನ ಗಿಡದ ಕೆಳಗೆ ತಾನು ನಿಂತಂತೆ ತನ್ನ ಅಂಗಳದಲ್ಲೇ ಒಬ್ಬಳು ಕುಂತಿದ್ದಳಲ್ಲ! 'ದೊಡ್ಡದ ಇರಲಿ' ಅಂದದ್ದು ಅದಕ್ಕೆ. ನಾವು 32 ಸಾಕು ಅಂದದ್ದು ನಮ್ಮ ಎಂಟು ಜನರ ಲೆಕ್ಕದಲ್ಲಿ. ಅವ್ವನ ಲೆಕ್ಕದಲ್ಲಿ ಅಂಗಳವೂ ಇತ್ತು.

ಈಗ ಎಲ್ಲರ ಕೈಯಲ್ಲೂ ಫೋನು ಬಂದಿದೆ, ಅಂಗಳಕ್ಕೆ ಯಾರು ಬರುತ್ತಾರೆ ಎಂದು ಮೊಮ್ಮಗ ಕೇಳಿದ. ಅದೂ ಖರೆಯೇ. ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ತಲೆ ಬಗ್ಗಿಸಿ ಕೂರುತ್ತಾರೆ. ಕೂಡಿ ನೋಡಿದರೆ ಕೂಡಿ ಬೈಯಬಹುದು, ಕೂಡಿ ಕೇಳಬಹುದು. ಸ್ಮಾರ್ಟ್ ಟೀವಿಗೆ ಫೋನಿನಲ್ಲಿ ತೆಗೆದದ್ದನ್ನೂ ಹಾಕಬಹುದಂತೆ. ಕೇರಿಯ ಜಯಂತಿ, ನಮ್ಮ ಮುದುಕಿಯರ ಹಾಡು ಹಾಕಿದರೆ ಮೊಮ್ಮಗಳ ಪ್ರಶ್ನೆಗೆ ಪೂರಾ ಅಲ್ಲದಿದ್ದರೂ ಒಂದು ಚೂರು ಉತ್ತರವಾದೀತು.

ಕಡೆಗೆ ಹೀಗೆ ತೀರ್ಮಾನವಾಗಿದೆ. ಮೊದಲು ನರ್ಸಿಂಗ್ ಫೀಜು. ಆಮೇಲೆ ಟೀವಿ. 43 ಇಂಚು, ಸಾದಾ ಪರದೆ, ಕೈರೊಕ್ಕ. ಅವ್ವ ಗೃಹಲಕ್ಷ್ಮಿಯ ದುಡ್ಡಲ್ಲಿ 12 ಸಾವಿರ ಕೂಡಿಟ್ಟಿದ್ದಾಳೆ. ಉಳಿದದ್ದು ಈ ಸಲದ ಹತ್ತಿಯಿಂದ. ಏಪ್ರಿಲ್ 14ರ ಒಳಗೆ ತರಬೇಕು. ಟೀವಿ ಬಾಗಿಲಿಗೆ ಎದುರಿನ ಗೋಡೆಗೆ ಇರಬೇಕು, ನೋಡುವಾಗ ಬಾಗಿಲು ಹಾಕಬಾರದು. ಇದು ಅವ್ವನ ಷರತ್ತು.

ಹಳೆಯ ಡಬ್ಬಿಯ ಮಾತೊಂದು ಉಳಿಯಿತು. ಗುಜರಿಯವನು ಇನ್ನೂರು ಕೊಡುತ್ತೇನೆ ಅಂದ. ಅದರ ಗಾಜಿನಲ್ಲಿ ಸೀಸ ಇರುತ್ತದೆ. ಒಡೆದು ಒಳಗಿನ ತಾಮ್ರ ತೆಗೆಯುವವರ ಮೈಗೆ ಅದು ವಿಷ. ಒಡೆಯುವವರು ಯಾರು? ಪಟ್ಟಣದ ಗುಜರಿಯಲ್ಲಿ ಬರಿಗೈಲಿ ಕುಂತಿರುವ ಹುಡುಗರಲ್ಲಿ ನಮ್ಮ ಕೇರಿಯವರೇ ಇಬ್ಬರಿದ್ದಾರೆ. ಇ-ತ್ಯಾಜ್ಯದ ನಿಯಮದ ಪ್ರಕಾರ ಇಂಥ ವಸ್ತುವಿನ ವಿಲೇವಾರಿಯ ಹೊಣೆ ತಯಾರಿಸಿದ ಕಂಪನಿಗಳದು. ಹೊಸದು ಕೊಳ್ಳುವಾಗ ಹಳೆಯದನ್ನು ಹಿಂದೆ ತಗೊಂಡು ರಸೀದಿ ಕೊಡುವ ಅಂಗಡಿಯನ್ನೇ ಹುಡುಕುತ್ತಿದ್ದೇವೆ. ಮೊದಲು ನೋಡಿದ ಅಂಗಡಿಯವನು ರಸೀದಿಯ ಮಾತಿಗೆ ನಕ್ಕ. ಅವನ ಹತ್ತಿರ ಕೊಳ್ಳುವುದಿಲ್ಲ.

ಅಲ್ಲಿ ತನಕ ಹಸಿರು ಮುಖಗಳನ್ನೇ ನೋಡುತ್ತಿದ್ದೇವೆ. ಅವ್ವ ಎದ್ದು ಹೋಗಿ ಎರಡು ಏಟು ಕೊಟ್ಟು ಬಂದು ಕೂರುತ್ತಾಳೆ.