ದುರ್ಬೀನು ಕಲಿಸಿದ ಪಾಠ

ಸೋದರಿಯರೇ, ನಿಮ್ಮ ಮಗುವೂ ಒಂದು ದಿನ "ಅಮ್ಮಾ, ದುರ್ಬೀನು ಕೊಡಿಸು" ಅಂತ ಹಟ ಹಿಡಿದೀತು. ನಾನು ಮಾಡಿದ ತಪ್ಪು ನಿಮ್ಮಿಂದ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಎಂಟನೇ ತರಗತಿಯ ಮಗಳಿಗಾಗಿ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡನ್ನೆಲ್ಲ ಸುರಿದು ಒಂದು ದುರ್ಬೀನು ತಂದೆ. ಪೆಟ್ಟಿಗೆಯ ಮೇಲೆ '525 ಪಟ್ಟು' ಎಂದು ದಪ್ಪಕ್ಷರದಲ್ಲಿತ್ತು. ಅದಕ್ಕೇ ಮರುಳಾದೆ. ರಾತ್ರಿ ತಾರಸಿಗೆ ಹೋಗಿ ಗುರುಗ್ರಹ ನೋಡಿದರೆ, ಮಜ್ಜಿಗೆ ಕದಡಿದ ಹಾಗೆ ಬರೀ ಮಸುಕು! "ನಿನಗೆ ಸರಿಯಾಗಿ ಹಿಡಿಯೋಕೇ ಬರಲ್ಲ, ದುಡ್ಡೆಲ್ಲ ದಂಡ" ಎಂದು ಮಗಳನ್ನು ಗದರಿಬಿಟ್ಟೆ. ಅವಳು ತುಟಿಪಿಟಕ್ಕೆನ್ನದೆ ಅದನ್ನು ಅಟ್ಟಕ್ಕೆ ಸೇರಿಸಿದಳು. ಮತ್ತೆ ಆಕಾಶದ ಮಾತೇ ಎತ್ತಲಿಲ್ಲ.

ಒಮ್ಮೆ ಮನೆಗೆ ಬಂದ ಅವಳ ವಿಜ್ಞಾನದ ಮೇಷ್ಟ್ರು ಅದನ್ನು ಇಳಿಸಿ ನೋಡಿ ನಕ್ಕರು. "ತಪ್ಪು ಮಗೂದಲ್ಲಮ್ಮ, ಆ ಸಂಖ್ಯೇದು. ಮುಂದಿನ ಮಸೂರದ ನಾಭಿದೂರ 700 ಮಿಲಿಮೀಟರು. ಅದನ್ನು ಕಣ್ಣಿನ ಬಳಿಯ ಮಸೂರದ ನಾಭಿದೂರದಿಂದ ಭಾಗಿಸಿ. 20ರದ್ದು ಹಾಕಿದರೆ 35 ಪಟ್ಟು, 4ರದ್ದು ಹಾಕಿದರೆ 175. ನಡುವೆ ಮೂರು ಪಟ್ಟಿನ ಇನ್ನೊಂದು ಮಸೂರ ತುರುಕಿದರೆ 525! ಆದರೆ ಬೆಳಕು ಒಳಗೆ ಬರೋದು ಮುಂದಿನ ಗಾಜಿನಿಂದ. ಅದರ ಅಗಲ 60 ಮಿಲಿಮೀಟರು ಅಷ್ಟೆ. ಇದು ಹೆಚ್ಚೆಂದರೆ 120 ಪಟ್ಟು ತಾಳೀತು."

ಆಗ ನನಗೆ ದೋಸೆ ನೆನಪಾಯಿತು. ಒಂದೇ ಸೌಟು ಹಿಟ್ಟನ್ನು ಕಾವಲಿ ತುಂಬ ಎಳೆದರೆ ದೋಸೆ ದೊಡ್ಡದಾಗುತ್ತೆ ನಿಜ. ಆದರೆ ತೆಳ್ಳಗಾಗಿ ಹರಿದುಹೋಗುತ್ತೆ. ಬೆಳಕೂ ಹಾಗೇ ಅಲ್ಲವೇ? ಮುಂದಿನ ಗಾಜೇ ಸೌಟು. ಅದರ ಅಗಲ ಎರಡರಷ್ಟಾದರೆ ಬೆಳಕು ನಾಲ್ಕರಷ್ಟು ಸಿಗುತ್ತದೆ. ಸೂಕ್ಷ್ಮ ವಿವರ ಕಾಣುವುದಕ್ಕೂ ಆ ಅಗಲವೇ ಬೇಕು.

ಅಂದು ರಾತ್ರಿ ಮೇಷ್ಟ್ರು ಹೇಳಿದಂತೆ 20ರ ಮಸೂರ ಹಾಕಿದೆವು. "ಅಮ್ಮಾ, ಬೇಗ ಬಾ!" ಎಂದು ಮಗಳು ಕೂಗಿದಳು. ಪುಟ್ಟ ದುಂಡನೆಯ ಗುರು, ಅದರ ಅಕ್ಕಪಕ್ಕ ಸಾಲಾಗಿ ನಾಲ್ಕು ಚುಕ್ಕಿ. 1610ರಲ್ಲಿ ಗೆಲಿಲಿಯೊ ಕಂಡ ಚಂದ್ರರು ಇವೇ. ಅವನ ದುರ್ಬೀನು ಸುಮಾರು 20 ಪಟ್ಟಿನದಂತೆ. "ಅವತ್ತು ಸುಮ್ಮನೆ ಬೈದೆ ಕಣೇ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಆದ್ದರಿಂದ ಅಂಗಡಿಯಲ್ಲಿ 'ಎಷ್ಟು ಪಟ್ಟು' ಎಂದು ಕೇಳಬೇಡಿ, 'ಮುಂದಿನ ಗಾಜು ಎಷ್ಟು ಅಗಲ' ಎಂದು ಕೇಳಿ. ಇನ್ನೊಂದು ಮಾತು: ಮಕ್ಕಳು ದುರ್ಬೀನನ್ನು ಸೂರ್ಯನತ್ತ ತಿರುಗಿಸದಂತೆ ನೋಡಿಕೊಳ್ಳಿ, ಕಣ್ಣೇ ಹೋದೀತು.